ನಾಲ್ಕನೇ ಮಹಡಿಯ ಬಾಗಿಲು: ಮಾಟುಂಗದ ಒಂದು ಲಿಫ್ಟ್ ಪ್ರಕರಣ

ಮುಂಬೈಯ ಮಾಟುಂಗ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿ ಇದೆ. ನೆಲಮಹಡಿ, ಅದರ ಮೇಲೆ ಆರು ಮಹಡಿ. ಅರ್ಧಕ್ಕಿಂತ ಜಾಸ್ತಿ ಮನೆಗಳು ಉಡುಪಿ, ಕುಂದಾಪುರ, ಕುಮಟಾ ಕಡೆಯವರದ್ದು. ಇರುವುದು ಒಂದೇ ಲಿಫ್ಟ್. ಒಳಗಿನ ಫಲಕದಲ್ಲಿ 6 ಜನ, 408 ಕಿಲೋ ಎಂದು ಬರೆದಿದೆ. ತಲೆಗೆ 68 ಕಿಲೋ ಲೆಕ್ಕ. ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆದು ತೆರೆಯುವ ಕಬ್ಬಿಣದ ಬಾಗಿಲು, ಕಣ್ಣಿನ ಎತ್ತರಕ್ಕೆ ಒಂದು ಚಿಕ್ಕ ಗಾಜು. ಕ್ಯಾಬಿನ್ನಿಗೆ ಬೇರೆ ಮಡಚುವ ಗೇಟು. ಮುಂಬೈಯ ಹಳೆಯ ಭಾಗಗಳಲ್ಲಿ ಇಂಥ ಲಿಫ್ಟುಗಳು ಇನ್ನೂ ಬೇಕಾದಷ್ಟಿವೆ.

ನಾನು ಲಿಫ್ಟ್ ಮೇಂಟೆನೆನ್ಸ್ ಕೆಲಸದವನು. ಈ ಕಟ್ಟಡದ ಕರಾರು ಬೇರೆ ಕಂಪನಿಯದ್ದು. ಸೊಸೈಟಿಯ ಸೆಕ್ರೆಟರಿ ನನಗೆ ಊರಿನ ಕಡೆಯಿಂದ ಪರಿಚಯ. ಘಟನೆ ಆದ ರಾತ್ರಿಯೇ ಫೋನ್ ಮಾಡಿ, "ನೀವೊಮ್ಮೆ ಬಂದು ನೋಡಿ ಮಾರಾಯ್ರೆ, ನಮಗೆ ಎಂತದೂ ಅರ್ಥ ಆಗ್ತಾ ಇಲ್ಲ" ಎಂದರು. ಮುಂದೆ ಬರೆದಿರುವುದು ಅಲ್ಲಿ ನೋಡಿದ್ದು, ಕೇಳಿದ್ದು. ಇದನ್ನು ಬರೆಯಲು ಸೊಸೈಟಿಯವರು ಒಪ್ಪಿದ್ದಾರೆ. ಬೇರೆ ಕಟ್ಟಡಗಳ ಕಮಿಟಿಯವರು ಓದಲಿ ಎಂಬುದೇ ಅವರ ಆಸೆ, ನನ್ನದೂ ಅದೇ.

ಆದದ್ದು ಏನು

ಗಣಪತಿ ಹಬ್ಬಕ್ಕೆ ಒಂದು ವಾರ ಇತ್ತು. ಸಂಜೆ ಹೊತ್ತು, ಹೊರಗೆ ಜಡಿಮಳೆ. ನಾಲ್ಕನೇ ಮಹಡಿಯಲ್ಲಿ ಒಬ್ಬರು ಟೀಚರ್ ಇದ್ದಾರೆ. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಪ್ಪತ್ತು ದಾಟಿದೆ, ಮಂಡಿ ನೋವು, ಕೈಯಲ್ಲಿ ಕೋಲು. ಹೂವು ತರಲು ಹೊರಟಿದ್ದರು. ಬಟನ್ ಒತ್ತಿದರು, ಸ್ವಲ್ಪ ಹೊತ್ತು ನಿಂತರು, ಎಡಗೈಯಿಂದ ಬಾಗಿಲ ಹಿಡಿ ಎಳೆದರು. ಬಾಗಿಲು ತೆರೆಯಿತು.

ಬಾಗಿಲು ತೆರೆಯಿತು ಎಂದರೆ ಲಿಫ್ಟ್ ಬಂದಿದೆ ಎಂದೇ ಅರ್ಥ. ಈ ಕಟ್ಟಡದಲ್ಲಿ ಅವರು ಮೂವತ್ತು ವರ್ಷ ಹಾಗೇ ಬದುಕಿದ್ದಾರೆ. ಲಿಫ್ಟ್ ಬರುವ ಮೊದಲು ಎಳೆದರೆ ಬಾಗಿಲು ಬರುತ್ತಿರಲಿಲ್ಲ, ಬಂದ ಮೇಲೆ ಬರುತ್ತಿತ್ತು. ಗಾಜಿನಲ್ಲಿ ಇಣುಕಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವರು ಕೋಲು ಮುಂದಿಟ್ಟರು. ಕೋಲಿಗೆ ನೆಲ ಸಿಗಲಿಲ್ಲ. ಅದು ಕೈಯಿಂದ ಜಾರಿ ಕತ್ತಲೆಯೊಳಗೆ ಹೋಯಿತು. ಎಡಗೈ ಇನ್ನೂ ಹಿಡಿಯ ಮೇಲೇ ಇದ್ದದ್ದರಿಂದ ಅವರು ಹಿಂದಕ್ಕೆ ವಾಲಿ, ಚೌಕಟ್ಟಿಗೆ ಬೆನ್ನು ತಾಗಿಸಿ ಅಲ್ಲೇ ಕುಸಿದು ಕೂತರು. ಅದೇ ಹೊತ್ತಿಗೆ ಲಿಫ್ಟ್ ಕೆಳಗಿನಿಂದ ಮೇಲೆ ಬರುತ್ತಿತ್ತು. ಟೀಚರ್ ಬಾಗಿಲು ತೆರೆದ ಕ್ಷಣಕ್ಕೆ ಅದು ಒಂದನೇ ಮತ್ತು ಎರಡನೇ ಮಹಡಿಯ ನಡುವೆ ಗಕ್ಕನೆ ನಿಂತಿತು. ಒಳಗೆ ಹೋಟೆಲಿನ ಹುಡುಗನೊಬ್ಬ ಆರನೇ ಮಹಡಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದ. ಲಿಫ್ಟ್ ನಿಂತ ಬೆನ್ನಿಗೇ ತಲೆಯ ಮೇಲೆ ದಡ್ ಎಂದು ಸದ್ದಾಯಿತು ಎಂದು ಅವನು ಆಮೇಲೆ ಹೇಳಿದ. ಕ್ಯಾಬಿನ್ನಿನ ಛಾವಣಿಗೆ ಬಿದ್ದದ್ದು ಆ ಕೋಲು.

ಯಾರಿಗೂ ಪೆಟ್ಟಾಗಲಿಲ್ಲ. ಸೆಕ್ರೆಟರಿ ಮೇನ್ ಸ್ವಿಚ್ ಆಫ್ ಮಾಡಿಸಿದರು. ಮೆಕ್ಯಾನಿಕ್ ಬಂದು ಕ್ಯಾಬಿನ್ನನ್ನು ಕೈಯಿಂದ ಮಹಡಿಯ ಮಟ್ಟಕ್ಕೆ ತರುವವರೆಗೆ ಹುಡುಗನನ್ನು ಒಳಗೇ ಕೂರಿಸಿದರು. ವಾಚ್‌ಮನ್ ಅವನನ್ನು ಸಂದಿಯಿಂದ ಎಳೆದು ಹೊರಗೆ ತರುತ್ತೇನೆ ಎಂದಿದ್ದ. ಸೆಕ್ರೆಟರಿ ಬೇಡ ಎಂದದ್ದು ಬಹಳ ಒಳ್ಳೆಯದಾಯಿತು. ಎರಡು ಮಹಡಿಯ ನಡುವೆ ನಿಂತ ಲಿಫ್ಟಿನಿಂದ ಹೊರಗೆ ಹಾರುವಾಗ ಕ್ಯಾಬಿನ್ನಿನ ಅಡಿಗೆ ತೆರೆದ ಶಾಫ್ಟ್, ಅಂದರೆ ಲಿಫ್ಟ್ ಓಡಾಡುವ ಬಾವಿ, ಇರುತ್ತದೆ. ಕಾಲು ಜಾರಿದರೆ ಹೋಗುವುದು ಅದರೊಳಕ್ಕೇ. ಒಳಗೆ ಗಾಳಿ ಇರುತ್ತದೆ, ಉಸಿರು ಕಟ್ಟುವುದಿಲ್ಲ. ಸುಮ್ನೆ ಕೂತಿರುವುದೇ ಕ್ಷೇಮ.

ಆ ಲಾಕ್ ಮಾಡಬೇಕಾದ ಕೆಲಸ

ಜನ ಲಿಫ್ಟಿನಲ್ಲಿ ಹೆದರುವುದು ಹಗ್ಗ ತುಂಡಾದೀತು ಎಂದು. ಆ ಹೆದರಿಕೆಗೆ ಎಲೈಶಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನಲ್ಲಿ ಜನರ ಮುಂದೆ ತಾನು ನಿಂತ ಲಿಫ್ಟಿನ ಹಗ್ಗ ಕಡಿಸಿ ಉತ್ತರ ಕೊಟ್ಟ. ಲಿಫ್ಟ್ ಬೀಳಲಿಲ್ಲ, ಹಲ್ಲುಗಳು ಹಳಿಯನ್ನು ಕಚ್ಚಿಕೊಂಡವು. ಇವತ್ತಿಗೂ ಹಗ್ಗದಲ್ಲಿ ನೇತಾಡುವ ಲಿಫ್ಟುಗಳಲ್ಲಿ ಆ ಬಗೆಯ ಸೇಫ್ಟಿ ಗೇರ್ ಇರುತ್ತದೆ. ಆದರೆ ನಮ್ಮ ಕೆಲಸದವರು ದಿನಾ ತಲೆ ಕೆಡಿಸಿಕೊಳ್ಳುವುದು ಬಾಗಿಲಿನ ಬಗ್ಗೆ. ಅಮೆರಿಕದ ಡುಲೂತ್ ಊರಿನಲ್ಲಿದ್ದ ಅಲೆಕ್ಸಾಂಡರ್ ಮೈಲ್ಸ್ ಎಂಬ ಕರಿಯ ಜನಾಂಗದ ಸಂಶೋಧಕ, ಬಾಗಿಲುಗಳು ತಾವಾಗಿಯೇ ತೆರೆದು ಮುಚ್ಚುವ ವ್ಯವಸ್ಥೆಗೆ 1887ರಲ್ಲಿ ಪೇಟೆಂಟ್ ಪಡೆದ. ಬಾಗಿಲು ಮುಚ್ಚುವ ಕೆಲಸವನ್ನು ಮನುಷ್ಯರ ನೆನಪಿಗೆ ಬಿಡಬಾರದು ಎಂಬುದು ಅಷ್ಟು ಹಳೆಯ ತಿಳಿವಳಿಕೆ.

ಈಗ ನಮ್ಮ ಮಾಟುಂಗದ ಬಾಗಿಲಿಗೆ ಬರೋಣ. ಹೊರಗಿನಿಂದ ಕಾಣುವುದು ಹಿಡಿ ಮಾತ್ರ. ಲಾಕ್ ಇರುವುದು ಒಳಗೆ, ಶಾಫ್ಟ್ ಕಡೆಗೆ. ಅದಕ್ಕೆ ಒಂದು ಉಕ್ಕಿನ ಬೋಲ್ಟ್, ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್, ಬೋಲ್ಟನ್ನು ಹಿಂದಕ್ಕೆ ಎಳೆಯಲು ಒಂದು ಲಿವರ್. ಲಿವರಿನ ತುದಿಯಲ್ಲಿ ರಬ್ಬರ್ ಸುತ್ತಿದ ಚಿಕ್ಕ ಗಾಲಿ. ಕ್ಯಾಬಿನ್ನಿನ ಪಕ್ಕಕ್ಕೆ ಕ್ಯಾಮ್ ಎಂಬ ಉದ್ದನೆಯ ಕಬ್ಬಿಣದ ಪಟ್ಟಿ ಇರುತ್ತದೆ. ಲಿಫ್ಟ್ ಬಂದು ಮಹಡಿಯಲ್ಲಿ ನಿಂತಾಗ ಈ ಕ್ಯಾಮ್ ಹೊರಕ್ಕೆ ಚಾಚಿ ಗಾಲಿಯನ್ನು ಒತ್ತುತ್ತದೆ, ಬೋಲ್ಟ್ ಹಿಂದೆ ಸರಿಯುತ್ತದೆ. ಆಗ ಮಾತ್ರ ನೀವು ಎಳೆದರೆ ಬಾಗಿಲು ಬರುತ್ತದೆ. ಲಿಫ್ಟ್ ಹೊರಡುವ ಮೊದಲು ಮ್ಯಾಗ್ನೆಟ್ ಕ್ಯಾಮನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಸ್ಪ್ರಿಂಗ್ ಬೋಲ್ಟನ್ನು ಚೌಕಟ್ಟಿನ ಗೂಡಿಗೆ ತಳ್ಳುತ್ತದೆ. ಹಳೆಯ ಲಿಫ್ಟ್ ಹೊರಡುವ ಮುಂಚೆ ಕೇಳುವ ಆ 'ಟಕ್' ಸದ್ದು ಇದೇ. ದಾರಿಯಲ್ಲಿ ಸಿಗುವ ಮಹಡಿಗಳ ಗಾಲಿಗಳನ್ನು ಒಳಗೆ ಸರಿದ ಕ್ಯಾಮ್ ಮುಟ್ಟುವುದಿಲ್ಲ, ಹಾಗಾಗಿ ಅವು ಬೀಗ ಹಾಕಿದಂತೆಯೇ ಇರುತ್ತವೆ.

ಇದು ಕಬ್ಬಿಣದ ಅರ್ಧ. ಇನ್ನರ್ಧ ಕರೆಂಟಿನದ್ದು. ಈ ಬಾಗಿಲಿನಲ್ಲಿ ಎರಡು ಕಾಂಟ್ಯಾಕ್ಟ್ ಇವೆ, ಅಂದರೆ ಕೂಡಿದಾಗ ಕರೆಂಟು ಹರಿದು, ಬಿಟ್ಟಾಗ ನಿಲ್ಲುವ ಚಿಕ್ಕ ಸ್ವಿಚ್ಚುಗಳು. ಒಂದು, ಬಾಗಿಲು ಮುಚ್ಚಿದೆಯಾ ಎಂದು ಹೇಳುತ್ತದೆ. ಇನ್ನೊಂದು, ಬೋಲ್ಟ್ ಗೂಡಿನೊಳಗೆ ಹೋಗಿ ಕೂತಿದೆಯಾ ಎಂದು ಹೇಳುತ್ತದೆ. ಎರಡೂ ಬೇರೆ ಬೇರೆ ಪ್ರಶ್ನೆ. ಬಾಗಿಲು ಮುಚ್ಚಿದ್ದರೂ ಬೋಲ್ಟ್ ಕೂತಿಲ್ಲದೆ ಇರಬಹುದು, ಅಲ್ವಾ? ಯುರೋಪಿನ ಮಾನದಂಡದ ಪ್ರಕಾರ ಬೀಗದ ಕೊಕ್ಕೆ, ಇಲ್ಲಿ ನಮ್ಮ ಬೋಲ್ಟ್, ಕಡಿಮೆ ಎಂದರೆ 7 ಮಿಲಿಮೀಟರ್ ಒಳಗೆ ಹೋಗದೆ ಈ ಎರಡನೇ ಕಾಂಟ್ಯಾಕ್ಟ್ ಕೂಡಬಾರದು. ಇಂಥ, ಕೀಲಿನ ಮೇಲೆ ತಿರುಗುವ ಬಾಗಿಲಿನ ಬೋಲ್ಟ್ 3000 ನ್ಯೂಟನ್, ಅಂದರೆ ಸುಮಾರು 300 ಕಿಲೋ ಭಾರದಷ್ಟು ಒತ್ತಡಕ್ಕೂ ಸೊಟ್ಟಗಾಗಬಾರದು. ಕಾಂಟ್ಯಾಕ್ಟಿನ ಲೋಹದ ಪಟ್ಟಿಯನ್ನು ನಡೆಸುವುದೂ ಬೀಗದ ಕೊಕ್ಕೆಯೇ ಆಗಿರಬೇಕು. ಕಿಡಿ ಹಾರಿ ಕಾಂಟ್ಯಾಕ್ಟ್ ಅಂಟಿಕೊಂಡರೂ ಕೊಕ್ಕೆ ಹಿಂದೆ ಸರಿಯುವಾಗ ಅದನ್ನು ಕಿತ್ತು ಬೇರೆ ಮಾಡಬೇಕು. ಕಬ್ಬಿಣ ಒಂದು ಮಾಡಿ ಕರೆಂಟು ಇನ್ನೊಂದು ಹೇಳುವುದಕ್ಕೆ ಎಡೆಯೇ ಇರಬಾರದು ಎಂಬುದು ಇಡೀ ಲಾಕಿನ ಹಿಂದಿರುವ ಯೋಚನೆ.

ಎಲ್ಲ ಮಹಡಿಗಳ ಈ ಕಾಂಟ್ಯಾಕ್ಟುಗಳು ಒಂದರ ಹಿಂದೆ ಒಂದು ಸೇರಿಕೊಂಡಿರುತ್ತವೆ, ಗಣಪತಿ ಮಂಟಪದ ಹಳೇ ಸೀರಿಯಲ್ ಸೆಟ್ಟಿನ ಹಾಗೆ. ಒಂದು ಬಿಟ್ಟರೂ ಇಡೀ ಸಾಲು ಸತ್ತುಹೋಗುತ್ತದೆ, ಮೋಟಾರಿಗೆ ಕರೆಂಟು ಹೋಗುವುದಿಲ್ಲ, ಬ್ರೇಕ್ ಬಿಡುವುದಿಲ್ಲ. ಯಾವುದೋ ಒಂದು ಮಹಡಿಯಲ್ಲಿ ಬೋಲ್ಟ್ ಕೂರದಿದ್ದರೆ ಇಡೀ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಜನ ಇದನ್ನು ಕೆಟ್ಟುಹೋದ ಲಿಫ್ಟ್ ಎನ್ನುತ್ತಾರೆ. ನಿಜವಾಗಿ ಆಗ ಅದು ತನ್ನ ಕೆಲಸ ಮಾಡುತ್ತಿರುತ್ತದೆ.

ಮರುದಿನ ಕಂಡದ್ದು

ಮರುದಿನ ಬೆಳಿಗ್ಗೆ ಕರಾರಿನ ಕಂಪನಿಯ ಹಿರಿಯ ಟೆಕ್ನಿಷಿಯನ್ ಬಂದರು. ಒಳ್ಳೆಯ ಕೆಲಸಗಾರ, ಏನನ್ನೂ ಮುಚ್ಚಿಡಲಿಲ್ಲ. ಮೊದಲು ಕ್ಯಾಬಿನ್ನನ್ನು ನೆಲಮಹಡಿಯಲ್ಲಿಟ್ಟು, ಕರೆಂಟು ತೆಗೆದು, ಮೇಲಿನ ಪ್ರತಿ ಮಹಡಿಯ ಬಾಗಿಲನ್ನು ಎಳೆದು ನೋಡಿದೆವು. ಉಳಿದವು ಗಟ್ಟಿಯಾಗಿದ್ದವು. ನಾಲ್ಕನೆಯದು ಒಂದೇ ಬೆರಳಿಗೆ ಬಂತು.

ಆಮೇಲೆ ಅವರು ಇನ್‌ಸ್ಪೆಕ್ಷನ್ ಮೋಡಿನಲ್ಲಿ, ಅಂದರೆ ರಿಪೇರಿಯವರು ನಿಧಾನಕ್ಕೆ ಓಡಿಸುವ ಬಗೆಯಲ್ಲಿ, ಕ್ಯಾಬಿನ್ನಿನ ಛಾವಣಿ ಮೇಲೆ ನಿಂತು ನಾಲ್ಕನೇ ಮಹಡಿಗೆ ಹೋದರು. ಟಾರ್ಚ್ ಬಿಟ್ಟಾಗ ಕಾರಣ ಕಾಣಿಸಿತು. ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಶಾಫ್ಟಿನ ಗೋಡೆಯಲ್ಲಿ ನೀರು ಒಸರುತ್ತಿತ್ತು. ಆ ನೀರು ಲಾಕಿನ ಡಬ್ಬಿಯ ಮೇಲೇ ಇಳಿದಿತ್ತು. ಲಿವರಿನ ಕೀಲಿನಲ್ಲಿ ತುಕ್ಕು, ಅದರ ಮೇಲೆ ಯಾರೋ ಮೆತ್ತಿದ ಗ್ರೀಸ್, ಗ್ರೀಸಿನ ಮೇಲೆ ಧೂಳು. ಎಲ್ಲ ಸೇರಿ ಕಪ್ಪು ಗಟ್ಟಿ ಮುದ್ದೆ. ಗಾಲಿಯ ರಬ್ಬರ್ ಒಂದು ಕಡೆ ಸೀಳಿ ಹೋಗಿತ್ತು. ಲಿವರನ್ನು ಒತ್ತಿ ಬಿಟ್ಟರೆ ಅದು ವಾಪಸ್ ಬರುತ್ತಲೇ ಇರಲಿಲ್ಲ. ಸ್ಪ್ರಿಂಗಿಗೆ ಅದನ್ನು ತಳ್ಳುವ ಶಕ್ತಿ ಉಳಿದಿರಲಿಲ್ಲ. ಬೋಲ್ಟ್ ಗೂಡಿಗೆ ಹೋಗದೆ ಲಾಕಿನೊಳಗೇ ಸಿಕ್ಕಿಕೊಂಡಿತ್ತು.

ಬಾಗಿಲು ಯಾಕೆ ತೆರೆಯಿತು ಎಂಬುದಕ್ಕೆ ಇದು ಉತ್ತರ. ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ಬೋಲ್ಟ್ ಕೂತಿಲ್ಲದ ಮೇಲೆ ಲಿಫ್ಟ್ ಓಡುತ್ತಿದ್ದದ್ದು ಹೇಗೆ?

ಉತ್ತರ ಟೆರೇಸಿನ ಮೆಷಿನ್ ರೂಮಿನಲ್ಲಿತ್ತು. ಲಿಫ್ಟನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ ತೆರೆದರೆ, ಏಳೂ ಮಹಡಿಯ ಲಾಕ್ ಕಾಂಟ್ಯಾಕ್ಟುಗಳ ಸಾಲು ಬಂದು ಸೇರುವ ಎರಡು ಟರ್ಮಿನಲ್‌ಗಳ ನಡುವೆ ಗೇಣುದ್ದದ ಕೆಂಪು ವಯರ್. ಎರಡೂ ತುದಿ ಸಿಪ್ಪೆ ಸುಲಿದು, ಸ್ಕ್ರೂ ಕೆಳಗೆ ಚೆನ್ನಾಗಿ ಬಿಗಿದಿತ್ತು. ನಮ್ಮವರು ಇದಕ್ಕೆ ಜಂಪರ್ ಎನ್ನುತ್ತಾರೆ, 'ಲಾಕ್ ಶಾರ್ಟ್ ಮಾಡಿದ್ದಾರೆ' ಎನ್ನುತ್ತಾರೆ. ದೋಷ ಯಾವ ಮಹಡಿಯಲ್ಲಿದೆ ಎಂದು ಹುಡುಕುವಾಗ ಟೆಕ್ನಿಷಿಯನ್ ಇದನ್ನು ಕೆಲವು ನಿಮಿಷ ಹಾಕಿ ತೆಗೆಯುವುದುಂಟು. ಇದು ಉಳಿದುಬಿಟ್ಟಿತ್ತು. ಕರೆಂಟು ಲಾಕುಗಳ ಸಾಲನ್ನು ಬಿಟ್ಟು ಈ ವಯರಿನಲ್ಲೇ ಹೋಗುತ್ತಿತ್ತು. ನಾಲ್ಕನೆಯದು ಮಾತ್ರ ಅಲ್ಲ, ಏಳೂ ಲಾಕುಗಳ ಮಾತನ್ನು ಕಂಟ್ರೋಲರ್ ಕೇಳುತ್ತಿರಲಿಲ್ಲ.

ಇದು ಯಾರಿಗೂ ಗೊತ್ತಾಗದೆ ಹೋದದ್ದಕ್ಕೂ ಕಾರಣವಿದೆ. ಬಾಗಿಲು ಮುಚ್ಚಿದೆಯಾ ಎಂದು ಕೇಳುವ ಮೊದಲನೇ ಕಾಂಟ್ಯಾಕ್ಟಿನ ಸಾಲು ಬೇರೆ ಟರ್ಮಿನಲ್ಲಿನಲ್ಲಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಬಾಗಿಲು ಅರೆ ತೆರೆದಿದ್ದರೆ ಲಿಫ್ಟ್ ಹೊರಡುತ್ತಿರಲಿಲ್ಲ. 'ಯಾರಪ್ಪಾ ಬಾಗಿಲು ತೆರೆದಿಟ್ಟದ್ದು' ಎಂದು ಕೆಳಗಿನಿಂದ ಕೂಗುವುದು ಮೊದಲಿನಂತೆಯೇ ನಡೆದಿತ್ತು. ಹಾಗಾಗಿ ಸೇಫ್ಟಿ ಎಲ್ಲ ಸರಿ ಇದೆ ಎಂದೇ ಎಲ್ಲರ ನಂಬಿಕೆ. ಆ ಸಂಜೆ ಟೀಚರ್ ಬಾಗಿಲು ತೆರೆದಾಗ ಲಿಫ್ಟ್ ನಿಂತದ್ದೂ ಈ ಮೊದಲನೇ ಕಾಂಟ್ಯಾಕ್ಟಿನಿಂದಲೇ. ಕ್ಯಾಬಿನ್ನನ್ನು ನಿಲ್ಲಿಸಲು ಅದಕ್ಕೆ ಆಗುತ್ತದೆ. ಬಾಗಿಲು ತೆರೆಯದಂತೆ ಹಿಡಿಯಲು ಆಗುವುದಿಲ್ಲ.

ದೂರಿನ ಪುಸ್ತಕ

ವಾಚ್‌ಮನ್ ಹತ್ತಿರ ಒಂದು ಉದ್ದದ ರಿಜಿಸ್ಟರ್ ಇತ್ತು. ಜುಲೈ ಪುಟಗಳಲ್ಲಿ ಒಂದೇ ದೂರು ಮತ್ತೆ ಮತ್ತೆ: ಲಿಫ್ಟ್ ನಾಲ್ಕರಲ್ಲಿ ನಿಂತಿದೆ. ಪ್ರತಿ ಸಲ ಯಾರೋ ಬಂದು ಲಿವರನ್ನು ತಟ್ಟಿ, ಗ್ರೀಸ್ ಹಚ್ಚಿ ಹೋಗಿದ್ದಾರೆ. ಕೊನೆಯ ಸಲ ಬಂದದ್ದು ರಾತ್ರಿ ಹನ್ನೊಂದರ ಮೇಲೆ, ಹೊಸ ಹುಡುಗ, ಒಬ್ಬನೇ. ಶಾಫ್ಟಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಮೆಷಿನ್ ರೂಮಿಗೆ ಹೋದ, ಸ್ವಲ್ಪ ಹೊತ್ತಿಗೆ ಲಿಫ್ಟ್ ನಡೆಯಿತು. 'ನಾಳೆ ಪಾರ್ಟ್ ತರುತ್ತೇವೆ' ಎಂದು ವಾಚ್‌ಮನ್‌ಗೆ ಹೇಳಿದ್ದ. ಪುಸ್ತಕದಲ್ಲಿ ಮಾತ್ರ 'ಲಿಫ್ಟ್ ಓಕೆ' ಎಂದು ಬರೆದಿದ್ದಾನೆ. ಮರುದಿನ ಆ ಏರಿಯಾಕ್ಕೆ ಬೇರೆಯವನ ಡ್ಯೂಟಿ.

ಅಲ್ಲಿಂದ ಆರು ವಾರ ಒಂದೂ ದೂರಿಲ್ಲ. ಸೆಕ್ರೆಟರಿಗೆ ಅದು ಸಮಾಧಾನ ತಂದಿತ್ತಂತೆ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಖಾಲಿ ಪುಟಗಳೇ. ಮಳೆಗಾಲ ಮುಗಿದಿಲ್ಲ, ಪಾರ್ಟ್ ಬದಲಾಗಿಲ್ಲ, ಆದರೂ ದಿನ ಬಿಟ್ಟು ದಿನ ಬರುತ್ತಿದ್ದ ದೋಷ ಹಠಾತ್ತನೆ ಮಾಯವಾಗಿದೆ ಎಂದರೆ, ದೋಷ ಹೋಗಿಲ್ಲ, ಅದನ್ನು ಹೇಳುವ ಬಾಯಿ ಮುಚ್ಚಿದೆ.

ಆ ಹುಡುಗನ ತಪ್ಪು ಸಣ್ಣದಲ್ಲ. ಆದರೆ ಅವನೊಬ್ಬನನ್ನು ಕೆಲಸದಿಂದ ತೆಗೆದರೆ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ. ಅವನಿಗೆ ಹೊಸ ಲಾಕ್ ಕೊಟ್ಟು ಕಳಿಸಿರಲಿಲ್ಲ. 'ಲಿಫ್ಟ್ ಬಂದ್ ಮಾಡಿ ಬಾ, ಜನ ಬೈದರೆ ಬೈಯಲಿ' ಎಂದು ಹೇಳುವ ಮೇಲಿನವರು ಅವನಿಗೆ ಇರಲಿಲ್ಲ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಬಂದ ಮೆಸೇಜುಗಳನ್ನು ಸೆಕ್ರೆಟರಿ ತೋರಿಸಿದರು. ಎಲ್ಲರದ್ದೂ ಒಂದೇ ಮಾತು, ಲಿಫ್ಟ್ ಯಾವಾಗ ಶುರು? ಯಾಕೆ ನಿಲ್ಲುತ್ತಿದೆ ಎಂದು ಒಬ್ಬರೂ ಕೇಳಿಲ್ಲ.

ಶುರು ಮಾಡಬೇಕಾ, ಬೇಡವಾ

ಜಂಪರ್ ತೆಗೆದೆವು. ಲಿಫ್ಟ್ ಸತ್ತಂತೆ ನಿಂತಿತು, ಹಾಗೇ ನಿಲ್ಲಬೇಕು. ಸಂಜೆ ಕಮಿಟಿ ಸೇರಿತು. ಹಬ್ಬ ಹತ್ತಿರ, ಪ್ರತಿ ಮನೆಗೂ ಊರಿನಿಂದ ನೆಂಟರು. ಎರಡನೇ ಮಹಡಿಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರೊಬ್ಬರು. ಅಲ್ಲಿಯ ಹಿರಿಯರೊಬ್ಬರು ನನ್ನನ್ನೇ ಕೇಳಿದರು: "ಎಂತ ಮಾರಾಯ್ರೆ, ಹಾಳಾದದ್ದು ಒಂದು ಬಾಗಿಲು. ಅದಕ್ಕೆ ಸರಪಳಿ ಹಾಕಿ ಬೀಗ ಜಡಿದರೆ ಆಯ್ತಲ್ಲ? ಉಳಿದವರು ಎಂತ ಪಾಪ ಮಾಡಿದ್ದಾರೆ?"

ಕೇಳಿದ್ದು ನ್ಯಾಯವೇ. ನಾನು ಹೇಳಿದ್ದು ಇಷ್ಟು. ನಾಲ್ಕನೇ ಮಹಡಿಯ ಬೋಲ್ಟ್ ಕೂರದೆ ಸಾಲು ಪೂರ್ತಿಯಾಗುವುದಿಲ್ಲ. ಅಂದರೆ ಲಿಫ್ಟ್ ಓಡಿಸಬೇಕಾದರೆ ಆ ಕೆಂಪು ವಯರನ್ನು ಮತ್ತೆ ಹಾಕಬೇಕು. ಹಾಕಿದರೆ ಉಳಿದ ಆರು ಲಾಕುಗಳೂ ಲೆಕ್ಕಕ್ಕಿಲ್ಲ. ಇವತ್ತು ಅವು ಸರಿ ಇವೆ. ನಾಳೆ ಎರಡನೇ ಮಹಡಿಯದ್ದು ಸಿಕ್ಕಿಕೊಂಡರೆ ಲಿಫ್ಟ್ ನಿಲ್ಲುವುದಿಲ್ಲ, ನಮಗೆ ಗೊತ್ತಾಗುವುದೂ ಇಲ್ಲ. ಹಬ್ಬಕ್ಕೆ ಬಂದ ಮಕ್ಕಳು ಬಾಗಿಲು ಎಳೆಯುತ್ತಾರೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಟೀಚರೇ, "ನಾನು ಮನೆಯಲ್ಲೇ ಇರ್ತೇನೆ, ನನಗೇನೂ ಅವಸರ ಇಲ್ಲ. ಅವರನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ಹೇಗೆ, ಅದನ್ನು ಮೊದಲು ನೋಡಿ" ಎಂದರು. ಕಟ್ಟಡದ ಹುಡುಗರು ಪಾಳಿ ಹಾಕಿಕೊಂಡರು. ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಹಿಂದೆ ಇಬ್ಬರು ಮುಂದೆ ಇಬ್ಬರು, ಇಳಿಸಿ ಹತ್ತಿಸಿದರು. ಲಿಫ್ಟ್ ಒಂಬತ್ತು ದಿನ ಬಂದ್ ಇತ್ತು. ಹಬ್ಬವೂ ಮೆಟ್ಟಿಲಲ್ಲೇ ಆಯಿತು.

ಆ ಒಂಬತ್ತು ದಿನದಲ್ಲಿ ಏಳೂ ಲಾಕುಗಳನ್ನು ಬಿಚ್ಚಿದರು. ಮೂರು ಪೂರ್ತಿ ಬದಲಾದವು, ಉಳಿದವಕ್ಕೆ ಹೊಸ ಸ್ಪ್ರಿಂಗ್, ಹೊಸ ಗಾಲಿ. ಐದನೇ ಮಹಡಿಯ ಬಾತ್‌ರೂಮಿನ ಪೈಪ್ ರಿಪೇರಿ ಆಗದೆ ಲಾಕ್ ಹಾಕಬೇಡಿ ಎಂದು ನಾನು ಪಟ್ಟು ಹಿಡಿದೆ. ನೀರು ನಿಲ್ಲದಿದ್ದರೆ ಹೊಸ ಲಾಕಿಗೂ ಅದೇ ಗತಿ. ಎರಡು ಬಾಗಿಲಿನ ಒಡೆದ ಗಾಜನ್ನೂ ಬದಲಿಸಿದರು. ಗಾಜಿಲ್ಲದ ಆ ಕಿಂಡಿಯಲ್ಲಿ ಮಕ್ಕಳು ತಲೆ ಹಾಕಿ ಇಣುಕುತ್ತಾರೆ, ಮೇಲಿನಿಂದ ಕ್ಯಾಬಿನ್ ಬರುತ್ತದೆ. ಅದನ್ನು ರಟ್ಟು ಅಂಟಿಸಿ ಮುಚ್ಚಿಟ್ಟಿದ್ದರು.

ಆಟೋಮ್ಯಾಟಿಕ್ ಬಾಗಿಲು ಹಾಕಿಸಿದರೆ ಈ ಗೋಳೇ ಇಲ್ಲವಾ ಎಂದು ಯುವಕರೊಬ್ಬರು ಕೇಳಿದರು. ಅಲ್ಲೂ ಲಾಕ್ ಇದ್ದೇ ಇದೆ. ಮೋಟಾರ್ ಇರುವುದು ಕ್ಯಾಬಿನ್ನಿನ ಬಾಗಿಲಿಗೆ ಮಾತ್ರ. ಮಹಡಿಯ ಬಾಗಿಲಿಗೆ ಸ್ವಂತ ಶಕ್ತಿ ಇಲ್ಲ. ಕ್ಯಾಬಿನ್ ಮಟ್ಟಕ್ಕೆ ಬಂದಾಗ ಅದರ ಬಾಗಿಲು ಹೊರಗಿನದ್ದರ ಕೊಕ್ಕೆ ಎತ್ತಿ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಮಹಡಿಯ ಮಟ್ಟಕ್ಕಿಂತ ಹೆಚ್ಚೆಂದರೆ 35 ಸೆಂಟಿಮೀಟರ್ ಮೇಲೆ ಕೆಳಗೆ ಇದ್ದಾಗ ಮಾತ್ರ ಅದು ಬಿಡಿಸಿಕೊಳ್ಳಬಹುದು. ಕ್ಯಾಬಿನ್ ಇಲ್ಲದಾಗ ಯಾರಾದರೂ ತ್ರಿಕೋನದ ಕೀ ಹಾಕಿ ತೆರೆದರೂ, ಕೈ ಬಿಟ್ಟೊಡನೆ ತೂಕವೋ ಸ್ಪ್ರಿಂಗೋ ಅದನ್ನು ಎಳೆದು ಮುಚ್ಚಿ ಮತ್ತೆ ಬೀಗ ಬೀಳಬೇಕು. ಒಳ್ಳೆಯ ವ್ಯವಸ್ಥೆ. ಜಂಪರ್ ಹಾಕಿದರೆ ಅದರ ಕಾಂಟ್ಯಾಕ್ಟೂ ಕುರುಡು.

ನಿಜವಾಗಿ ಈ ಪ್ರಕರಣವನ್ನು ತಡೆಯುತ್ತಿದ್ದದ್ದು ಹೊಸ ಕಂಟ್ರೋಲರ್. 2014ರಲ್ಲಿ ಬಂದ ಯುರೋಪಿನ ಇಎನ್ 81-20 ಮಾನದಂಡ ಎರಡು ಮಾತು ಹೇಳುತ್ತದೆ. ಲಾಕನ್ನು ಬೈಪಾಸ್ ಮಾಡಲೇಬೇಕಾದರೆ ಅದಕ್ಕೆಂದೇ ಸ್ವಿಚ್ ಅಥವಾ ಪ್ಲಗ್ ಇರಬೇಕು. ಅದು ಹಾಕಿರುವಾಗ ಸಾಮಾನ್ಯ ಓಡಾಟ ಪೂರ್ತಿ ಬಂದ್, ಮೇಂಟೆನೆನ್ಸಿಗೆ ಮಾತ್ರ ಲಿಫ್ಟ್ ಚಲಿಸಬೇಕು, ಆಗ ಬೆಲ್ ಹೊಡೆದು ಕ್ಯಾಬಿನ್ನಿನ ಅಡಿಯಲ್ಲಿ ದೀಪ ಮಿನುಗಬೇಕು. ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಲಿಫ್ಟ್ ಮಹಡಿಯಲ್ಲಿ ಬಾಗಿಲು ತೆರೆದು ನಿಂತಿರುವಾಗ ಕಂಟ್ರೋಲರ್ ತಾನೇ ಪರೀಕ್ಷೆ ಮಾಡುತ್ತದೆ. ಬಾಗಿಲು ತೆರೆದಿದೆ, ಆದರೂ ಲಾಕಿನ ಸಾಲು ಪೂರ್ತಿ ಇದೆ ಎಂದು ಬಂದರೆ ಎಲ್ಲೋ ಶಾರ್ಟ್ ಇದೆ ಎಂದು ತಿಳಿದು ಅಲ್ಲೇ ನಿಂತುಬಿಡುತ್ತದೆ. ಕೆಂಪು ವಯರ್, ಲಿಫ್ಟ್ ಮೊದಲು ನಿಂತ ಮಹಡಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಸೊಸೈಟಿ ಈಗ ಅಂಥ ಕಂಟ್ರೋಲರ್ ಹಾಕಿಸಲು ತೀರ್ಮಾನಿಸಿದೆ, ಹಣ ಎರಡು ಕಂತಿನಲ್ಲಿ ಕೂಡಿಸುತ್ತಿದ್ದಾರೆ. ಮಹಾರಾಷ್ಟ್ರದಲ್ಲಿ ಲಿಫ್ಟ್ ನಡೆಸಲು ಲೈಸೆನ್ಸ್ ಬೇಕು. ಮೊದಲು 1939ರ ಬಾಂಬೆ ಲಿಫ್ಟ್ಸ್ ಆ್ಯಕ್ಟ್ ಇತ್ತು, ಆಮೇಲೆ 2017ರ ಹೊಸ ಕಾಯ್ದೆ ಬಂತು. ಸರಕಾರದ ಲಿಫ್ಟ್ ಇನ್‌ಸ್ಪೆಕ್ಟರಿಗೆ ಸೆಕ್ರೆಟರಿ ನಡೆದದ್ದನ್ನೆಲ್ಲ ಬರೆದುಕೊಟ್ಟಿದ್ದಾರೆ. ಮುಚ್ಚಿಡೋಣ ಎಂದವರೂ ಇದ್ದರು. ಅವರ ಮಾತು ನಡೆಯಲಿಲ್ಲ.

ಅಲ್ಲಿಯವರೆಗೆ ಒಂದು ಅಭ್ಯಾಸ ಇಟ್ಟುಕೊಂಡಿದ್ದಾರೆ. ಪ್ರತಿ ಸೋಮವಾರ ಸೆಕ್ರೆಟರಿ ಮತ್ತು ವಾಚ್‌ಮನ್ ಲಿಫ್ಟನ್ನು ನೆಲಮಹಡಿಯಲ್ಲಿ ನಿಲ್ಲಿಸಿ ಮೇನ್ ಆಫ್ ಮಾಡುತ್ತಾರೆ. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಪಕ್ಕದ ಕಂಬಿ ಹಿಡಿದು, ಬಾಗಿಲಿನಿಂದ ದೂರ ನಿಂತು ಹಿಡಿ ಎಳೆಯುತ್ತಾರೆ. ಯಾವುದೂ ಬರಬಾರದು. ಆಮೇಲೆ ಲಿಫ್ಟನ್ನು ಮೇಲೆ ಕಳಿಸಿ ನೆಲಮಹಡಿಯದ್ದನ್ನೂ ಹಾಗೇ ನೋಡುತ್ತಾರೆ. ಬಂದರೆ ಆ ಕ್ಷಣಕ್ಕೆ ಬಂದ್. ಅದಕ್ಕಿಂತ ಹೆಚ್ಚು ಅವರು ಮುಟ್ಟುವುದಿಲ್ಲ, ಮುಟ್ಟಬಾರದು. ಕರಾರಿನಲ್ಲೂ ಎರಡು ಸಾಲು ಸೇರಿಸಿದ್ದಾರೆ: ಜಂಪರ್ ಹಾಕಿದರೆ ಹಾಕಿದ ಹೊತ್ತು, ತೆಗೆದ ಹೊತ್ತು ರಿಜಿಸ್ಟರಿನಲ್ಲಿ ಬರೆದು ಸೆಕ್ರೆಟರಿಯ ಸಹಿ ಪಡೆಯಬೇಕು, ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಬರುವ ಮೊದಲು, ಏಳೂ ಲಾಕುಗಳನ್ನು ಬಿಚ್ಚಿ ತೋರಿಸಬೇಕು.